ಕಟ್ಟಿಗೆ ಕೋಣೆಯ ಮೂರು ದಿನ

೧೯೫೧ ಜೂನ್ ೧೧, ಬಳ್ಳಾರಿ

ಮತ್ತೆ ಹಿತ್ತಲ ಕಟ್ಟಿಗೆ ಕೋಣೆ. ಇಲಿಯ ನಾತ. ಹಾಸಿದ ಗೋಣಿತಾಟು ಇನ್ನೂ ಹಸಿ. ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆಯುತ್ತಿರುವ ಹಾಗೆ. ಅತ್ತೆ ದೂರದಿಂದಲೇ ಎಲೆಗೆ ಅನ್ನ ಎಸೆದರು. ಅರ್ಧ ನೆಲಕ್ಕೆ.

"ಎಲ್ಲಾರಿಗೂ ಬರೋದೇ ಅದ. ನರಳಬ್ಯಾಡ, ಮಂದಿ ಕೇಳ್ತಾರ."

ಮಂದಿಗೆ ಹೇಳುವವರು ಈ ಮನೆಯವರೇ. ಬ್ರೂಸ್‌ಪೇಟೆಯಿಂದ ಯಾರೋ ಬಂದಿದ್ದರು. ಪಡಸಾಲೆಯಿಂದ ಯಜಮಾನರ ದನಿ — "ಕಾಫಿ ಸಿಗಂಗಿಲ್ಲ. ಆಕಿ ಹೊರಗ ಕೂತಾಳ." ಇಬ್ಬರೂ ನಕ್ಕರು.

ಜೂನ್ ೧೮

ಈ ಹೊಟ್ಟೆನೋವಿಗೆಂದು ಡಾಕ್ಟರ ಹತ್ತಿರ ಹೋಗಿದ್ದೆವು. ನನ್ನ ಮುಖ ನೋಡಲಿಲ್ಲ. ಪ್ರಶ್ನೆಯೆಲ್ಲ ಯಜಮಾನರಿಗೆ. "ಒಂದು ಕೂಸಾದ್ರ ಎಲ್ಲಾ ನೆಟ್ಟಗಾಗ್ತದ." ಇವರು ತಲೆಯಾಡಿಸಿದರು, ಎಮ್ಮೆ ಕೊಳ್ಳಲು ಬಂದವರ ಹಾಗೆ.

ಜುಲೈ ೧೦, ಸಿರುಗುಪ್ಪ

ಇಲ್ಲಿಯ ಶಾಲೆಗೆ ಟೀಚರಾಗಿ ಎರಡು ತಿಂಗಳ ಮಟ್ಟಿಗೆ ಹಾಕಿದ್ದಾರೆ. ಜೊತೆಯ ಟೀಚರ್ ಶಿವಬಸಮ್ಮನವರ ಮನೆಯಲ್ಲೇ ಇದ್ದೇನೆ. ಇಂದು ಮುಟ್ಟಾದೆ. ಅಭ್ಯಾಸಬಲ — ಹಿತ್ತಲಿಗೆ ಹೋಗಿ ಕೂತೆ.

"ಅಲ್ಲ್ಯಾಕ ಕುಂತೀರಿ ಪದ್ಮಾಬಾಯಿ? ಲಿಂಗ ಕಟ್ಟಿದವರಿಗೆ ಈ ಮೈಲಿಗಿ ಇಲ್ರಿ. ಒಳಗ ಬರ್ರಿ, ರೊಟ್ಟಿ ಆರತೈತಿ."

ಬಿಸಿ ರೊಟ್ಟಿ. ಮಲಗಲು ಮಂಚ. ಸಂಜೆ ಕಾಲುವೆಯ ತನಕ ನಡೆದೆವು. ಹೆಡ್‌ಮಾಸ್ಟರ ನಡಿಗೆಯನ್ನು ಶಿವಬಸಮ್ಮ ಮಾಡಿ ತೋರಿಸಿದರು. ನಕ್ಕು ನಕ್ಕು ಸಾಕಾಯಿತು. ನೋವು ಇರಲಿಲ್ಲವೆಂದಲ್ಲ... ತಡೆಯಬಹುದಿತ್ತು.

ಸೆಪ್ಟೆಂಬರ್ ೭, ಬಳ್ಳಾರಿ

ಬಸ್ಸಿಳಿದೊಡನೆ ಹೊಟ್ಟೆ ಹಿಡಿಯಿತು. ಮುಟ್ಟಿಗೆ ಇನ್ನೂ ದಿನವಿದೆ. ಈ ಮನೆ ಮೈಗೆ ಗೊತ್ತು.

ಸಿರುಗುಪ್ಪದ ಕೆಲಸ ಕಾಯಂ ಮಾಡುತ್ತಾರಂತೆ ಎಂದೆ. "ಹೆಂಡ್ತಿ ಬ್ಯಾರೆ ಊರಾಗ ದುಡದ್ರ ನಾ ಮುಖಾ ಎಲ್ಲಿಡ್ಲಿ?" ಎಂದರು. ಮತ್ತೆ ಅನ್ನ ಕಲೆಸಿ ಸುರಿದುಕೊಂಡರು. ಆ ಸದ್ದೂ ಸಹಿಸಲಾಗಲಿಲ್ಲ.

ಸೆಪ್ಟೆಂಬರ್ ೧೩

ಮತ್ತೆ ಕಟ್ಟಿಗೆ ಕೋಣೆ. ಜ್ವರ, ವಾಂತಿ. ಮಡಿ ಕೆಟ್ಟೀತೆಂದು ಅತ್ತೆ ಹತ್ತಿರ ಬರಲಿಲ್ಲ. ಯಜಮಾನರು ಕೋಣೆಯ ಬಾಗಿಲಿಗೆ ಬಂದು, ಮೂಗು ಮುಚ್ಚಿಕೊಂಡು ಹಿಂದಿರುಗಿದರು. ಬಳಿದವಳು ನಾನೇ. ಬಳಿಯುತ್ತಲೇ ತೀರ್ಮಾನಿಸಿದೆ — ಹೋಗುತ್ತೇನೆ.

ಅಕ್ಟೋಬರ್ ೯, ಸಿರುಗುಪ್ಪ

ಬೆಳಿಗ್ಗೆ ಯಜಮಾನರು ಬಂದರು, ಕರೆದೊಯ್ಯಲು. ಹೊಸ್ತಿಲಾಚೆ ನಿಂತು ಮೊದಲ ಮಾತು — "ಒಳಗದಿಯೋ, ಹೊರಗದಿಯೋ?"

"ಹೊರಗಾಗೀನಿ. ಆದ್ರ ಇಲ್ಲಿ ಒಳಗೇ ಇರ್ತೀನಿ. ಬಿಸಿಲಾಗ ಬಂದೀರಿ, ನೀರು ತಗೋರಿ."

ಚೊಂಬು ಕಟ್ಟೆಯ ಮೇಲಿಟ್ಟು ಒಳಗೆ ಬಂದೆ. ತುಟಿ ನೆಕ್ಕಿಕೊಳ್ಳುತ್ತಾ ಕೂತಿದ್ದಾರೆ. ಚೊಂಬನ್ನು ನೋಡುತ್ತಾರೆ, ಮುಟ್ಟುವುದಿಲ್ಲ. ಶಿವಬಸಮ್ಮ ಕರೆಯುತ್ತಿದ್ದಾರೆ, ಶಾಲೆಗೆ ಹೊತ್ತಾಯಿತು. ಕುಡಿದರೆ ಕುಡಿಯಲಿ. ಇಲ್ಲದಿದ್ದರೆ—