ತಂಪು ಕೇಳುವ ಹುಳ

೮ ಮೇ ೧೯೭೬

ಚಿ. ಸೌ. ರೇವವ್ವ,

ಹಾಂ, ಅದೇನೇ ಆಗಲಿ, ಬಾವಿಗೆ ಮಾತ್ರ ಇಳಿಯಬೇಡ. ನಿನ್ನೆ ಈ ಒಂದೇ ಮಾತು ಬರೆದು ಕಾಗದ ಮಡಚಿಟ್ಟಿದ್ದೆ, ಇವತ್ತು ಅಲ್ಲಿಂದಲೇ ಹಿಡಿದಿದ್ದೇನೆ. ನಿನ್ನ ಪತ್ರ ಬಂದು ವಾರವಾಯಿತು, ತಡವಾಯಿತೆಂದು ಸಿಟ್ಟಾಗಬೇಡ. ನಿನ್ನ ಕಾಲಲ್ಲಿ ನಾರುಹುಣ್ಣು ಎದ್ದಿದೆ ಎಂದು ಓದಿದ ಮೇಲೆ ಬರೆಯಲು ಕೈ ಬರಲಿಲ್ಲ. ಬಾಣಂತನಕ್ಕೆ ಬಂದಾಗ ದಿನಾ ನಾನೇ ಸೋಸಿ ಕೊಟ್ಟ ನೀರು. ಅದರಲ್ಲಿ ಎಲ್ಲಿ ತಪ್ಪಿತು ಎಂದು ತಲೆ ಕೆಡಿಸಿಕೊಂಡು ಕೂತಿದ್ದೆ.

ನಿನ್ನ ಅತ್ತೆ ಶಿವಗಂಗವ್ವನವರು, "ಉರೀತೈತಿ ಅಂದ್ರ ಬಾವ್ಯಾಗ ಕಾಲ ಇಳಿಬಿಟ್ಟ ಕುಂಡ್ರು, ತಂಪಾಗತೈತಿ" ಅಂದರೆಂದು ಬರೆದಿದ್ದೀ. ಅಂತಃಕರಣದ ಮಾತೇ ಅದು. ನಿನ್ನವ್ವ ಗೌರಕ್ಕನಿಗೂ ಊರೆಲ್ಲ ಹೀಗೇ ಹೇಳಿತ್ತು. ಅವಳು ನಮ್ಮ ಬಾವಿಯ ಒಡೆದ ಮೆಟ್ಟಿಲ ಮೇಲೆ ಕೂತು, ಕಾಲು ನೀರಿಗಿಟ್ಟು, "ಜೀವ ಬಂತ ನೋಡ್ರಿ" ಅನ್ನುತ್ತಿದ್ದಳು.

ಹುಳ ಕಾಯುವುದೇ ಆ ತಂಪಿಗೆ. ಇದು ನನಗೆ ತಿಳಿದದ್ದು ಅವಳು ಹೋಗಿ ವರ್ಷವಾದ ಮೇಲೆ, ಆರೋಗ್ಯ ಇಲಾಖೆಯವನೊಬ್ಬ ಚಾವಡಿಯಲ್ಲಿ ಹೇಳಿದಾಗ. ನೀರು ತಾಗಿದೊಡನೆ ಹುಳ ಮರಿ ಕಾರುತ್ತದಂತೆ. ಆ ನೀರು ಕುಡಿದವರಿಗೆ ವರ್ಷ ತುಂಬುವ ಹೊತ್ತಿಗೆ ಕಾಲಲ್ಲಿ ಏಳುತ್ತದಂತೆ.

ನಮ್ಮ ಕುಬೇರಪ್ಪ ಬಿಡುತ್ತಾನೆಯೇ? "ಸಿಡುಬಿಗೆ ದೇವಿ ಹಾಕಿದಂಗ ಇದಕ್ಕೂ ಒಂದ ಸೂಜಿ ಚುಚ್ಚಿ ಹೋಗ್ರಲ್ಲ" ಅಂದ.

"ಇದಕ್ಕ ಸೂಜಿ ಇಲ್ರಿ ಯಜಮಾನ್ರ, ಅರಿವಿ ಐತಿ. ಎರಡ ಮಡಿಕಿ ಮಾಡಿ ನೀರ ಸೋಸರಿ."

"ಅರಿವಿ ಸಲುವಾಗಿ ನವಲಗುಂದದಿಂದ ಜೀಪ ತಗೊಂಡ ಬಂದ್ರ್ಯಾ? ನನ್ನ ಧೋತರಾನ ಹರಕೊಂಡ ಹೋಗ್ರಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಎಂದಾದರೂ ಸೂಜಿ ಬಂದೀತೆಂದು ದಾರಿ ನೋಡಿದ ವರ್ಷಗಳಲ್ಲೆಲ್ಲ ನಮ್ಮ ಮನೆಯ ಟ್ರಂಕಿನ ತುಂಬ ಅರಿವೆ ಇತ್ತು.

ಉರಿ ತಾಳದಿದ್ದರೆ ಬೋಗುಣಿಯಲ್ಲಿ ನೀರು ಹಾಕಿ ಕಾಲಿಡು. ಆ ನೀರನ್ನು ಬಾವಿಯಿಂದ ದೂರ, ಒಣ ನೆಲಕ್ಕೆ ಚೆಲ್ಲು. ಹುಳವನ್ನು ಬೆಂಕಿಕಡ್ಡಿಗೆ ಸುತ್ತಿ ದಿನಾ ಬಂದಷ್ಟೇ ಬರಲಿ ಬಿಡು, ಎಳೆಯಬೇಡ. ನಿನ್ನವ್ವನದನ್ನು ಎಳೆದು ಹರಿದರು. ಕೀವು ತುಂಬಿ ಧನುರ್ವಾಯು ಆಯಿತು. ಅದಕ್ಕೆ ಮಾತ್ರ ಸೂಜಿ ಇದೆ. ಅಳಿಯಂದಿರ ಜೊತೆ ಕುಂದಗೋಳ ದವಾಖಾನೆಗೆ ಹೋಗಿ ಹಾಕಿಸಿಕೋ. ಇಂಗ್ಲಿಷಿನಲ್ಲಿ ರೋಗಿಗೆ ಪೇಶಂಟ್, ತಾಳ್ಮೆಗೆ ಪೇಶನ್ಸ್. ಎರಡೂ ಒಂದೇ ಶಬ್ದವೋ ಏನೋ, ಸ್ಪೆಲ್ಲಿಂಗು ಮರೆತಿದೆ. ಕಾಲೇಜಿನಲ್ಲಿ ಇಂಗ್ಲಿಷಿಗೇ ಫೇಲಾದವನು ನಾನು.

ನಿಮ್ಮ ಯರಗುಪ್ಪಿಯ ನೀರಿನಲ್ಲಿ ಈ ರೋಗ ಇನ್ನೂ ಇಲ್ಲ. ನೀನು ಬಾವಿಯಲ್ಲಿ ಕಾಲಿಟ್ಟರೆ ಬರುವ ಬೇಸಿಗೆಗೆ ಓಣಿಯ ಮಕ್ಕಳಿಗೆಲ್ಲ ಏಳುತ್ತದೆ. ನಿನ್ನ ಕೂಸು, ನಮ್ಮ ಪುಟ್ಟ ಶಂಭುಲಿಂಗನೂ ಅದೇ ನೀರು ಕುಡಿಯುವವನು. ಅತ್ತೆಯವರು ಕೇಳದಿದ್ದರೆ ಈ ಕಾಗದ ಅಳಿಯಂದಿರಿಂದ ಓದಿಸು.

ಗಾಡಿಯ ದಾವೂದಸಾಬ ನಾಳೆ ಆ ಕಡೆ ಹೊರಟಿದ್ದಾನೆ. ಕಾಗದವನ್ನೂ ಸೋಸುವ ಅರಿವೆಯನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ. ಶಿವ ನಿನ್ನ ಕಾಲು ಕಾಯಲಿ, ಕೂಸು ನಿನ್ನ ಹಿಂದೆ ಓಡಾಡಲಿ.

ನಿನ್ನ ಅಪ್ಪ,
ಮಡಿವಾಳೆಪ್ಪ

ತಾ.ಕ.: ಕಾಗದ ಒಯ್ಯಲು ಬಂದ ದಾವೂದಸಾಬ ತಲೆಬಾಗಿಲಲ್ಲೇ ನಿಂತ. ಹೋದ ವರ್ಷ ನಿನ್ನನ್ನು ಬಸ್ಸಿಗೆ ಬಿಟ್ಟದ್ದು ಅವನ ಗಾಡಿಯಲ್ಲವೇ? "ಬಾವಿ ಹತ್ರ ಗಾಡಿ ನಿಂದ್ರಸ ಕಾಕಾ ಅಂದ್ಲರಿ. ಒಡದ ಮೆಟ್ಲದ ಮ್ಯಾಲ ಕುಂತ ಬೊಗಸಿ ತುಂಬ ಕುಡದ್ಲು. ಅವ್ವ ಇಲ್ಲೇ ಕುಂಡ್ರತಿದ್ಲು ಅಂದ್ಲು. ನಾ ಹ್ಯಾಂಗ ಬ್ಯಾಡನ್ಲಿ ಹೇಳ್ರಿ" ಅಂದ.

ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ಐದು ತಿಂಗಳು ಮನೆಯಲ್ಲಿದ್ದಿ. ನಾನು ನೀರು ಸೋಸಿದೆ, ಕೂಸಿಗೆ ಜೋಗುಳ ಹಾಡಿದೆ, ನಿನ್ನವ್ವನ ಹೆಸರು ಮಾತ್ರ ಒಮ್ಮೆಯೂ ಎತ್ತಲಿಲ್ಲ. ನೀನು ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ನಾನು ಕೂತು ನಾಲ್ಕು ಮಾತಾಡಿದ್ದರೆ ನೀನು ಅವಳನ್ನು ಹುಡುಕಿಕೊಂಡು ಬಾವಿಗೆ ಇಳಿಯುತ್ತಿರಲಿಲ್ಲವೇನೋ.

ಕಳಿಸಿರುವ ಅರಿವೆ ಅವಳ ಹಸಿರು ಸೀರೆಯ ತುಂಡು. ಆ ಸೀರೆಯನ್ನು ಅವಳು ಮೊದಲು ಉಟ್ಟದ್ದು ಯಾವಾಗ ಅಂದರೆ, ನೀನಿನ್ನೂ ಹುಟ್ಟಿರಲಿಲ್ಲ, ಯಮನೂರ ಜಾತ್ರೆಗೆ ಹೊರಟಿದ್ದೆವು, ಗಾಡಿಯಲ್ಲಿ ಅವಳು ನನ್ನ ಕಡೆ ತಿರುಗಿ... ಸಾಲು ಕಾಣಿಸುತ್ತಿಲ್ಲ, ಬೆಳಕು ಹೋಗುತ್ತಿದೆ.