ಜಮಖಾನದ ಕೆಳಗೆ ಹೂತುಹೋದ ತಾಳ

ಮಾನ್ಯರೇ ಎಂದೇ ಶುರು ಮಾಡುತ್ತೇನೆ. ಮಾನ ಉಳಿದಿರುವುದು ಆ ಪದದಲ್ಲಷ್ಟೇ. ವಿಶೇಷಚೇತನರ ಜಾನಪದ ಮೇಳದ ಉಸ್ತುವಾರಿ ಹೊತ್ತ ಅಧಿಕಾರಿಗಳೇ, ಜೇವರ್ಗಿಯ ವೇದಿಕೆಗೆ ನೀವು ಹಾಸಿಸಿದ ಕೆಂಪು ಜಮಖಾನ ನಮ್ಮೂರ ಮಧುಮತಿಯ ಕೋಲಾಟವನ್ನು ಕಸಿದುಕೊಂಡಿತು. ತಿಳಿಯದೆ ಹಾಸಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಿಮಗೆ ಎಲ್ಲವೂ ತಿಳಿದಿತ್ತು.

ಮಧುಮತಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಆಕೆಯ ಕಿವಿ ಇರುವುದು ಅಂಗಾಲಿನಲ್ಲಿ. ಬಡಿಗನಾದ ನಾನು ಶಾಲೆಯ ಹಳೆಯ ಬೆಂಚುಗಳ ಹಲಗೆ ಜೋಡಿಸಿ ನರೋಣಾದಲ್ಲಿ ಒಂದು ಅಟ್ಟಣಿಗೆ ಮಾಡಿದೆ. ಹನ್ನೊಂದು ಜನರ ಹೆಜ್ಜೆ ಬಿದ್ದರೆ ಹಲಗೆ ನಡುಗುತ್ತದೆ; ಆ ನಡುಕ ಹಿಡಿದು ಹನ್ನೆರಡನೆಯವಳಾಗಿ ಆಕೆ ಕುಣಿಯುತ್ತಾಳೆ. ನಾನು ಚೇಷ್ಟೆಗೆಂದು ಊರನ್ನೆಲ್ಲ ಏಮಾರಿಸಿದ ಮುದುಕ; ಆಕೆಯ ಮುಂದೆ ಮಾತ್ರ ಅದು ನಡೆಯಲಿಲ್ಲ. ಬೆನ್ನ ಹಿಂದೆ ನಿಂತು ಬೇಕೆಂದೇ ತಪ್ಪು ತಾಳಕ್ಕೆ ಹಿಮ್ಮಡಿ ಬಡಿದರೆ, ತಿರುಗಿಯೂ ನೋಡದೆ ಕೋಲಿನಿಂದ ನನ್ನ ಮೊಣಕಾಲಿಗೊಂದು ಕೊಡುತ್ತಿದ್ದಳು!

ತಾಲೀಮು ನೋಡಲು ನೀವೇ ಬಂದಿರಿ. "ಸಾಹೇಬ್ರ, ಬೂಟ ಕಳೀರಿ, ಕಣ್ಣ ಮುಚ್ಚಿ ನಿಂದರ್ರಿ" ಅಂದೆ. ನಿಂತಿರಿ. "ಅರೆ ಭಗವಂತಪ್ಪಾ, ಎದಿತನಕ ಬರ್ತದಲ್ರಿ ಇದು!" ಎಂದು ನನ್ನ ಹೆಸರು ಹಿಡಿದು ಕರೆದು ಕಣ್ಣೊರೆಸಿಕೊಂಡಿರಿ. "ವೇದಿಕಿ ಮ್ಯಾಲ ಬರೇ ಹಲಗಿ ಇರ್ತದ. ಒಂದು ಚಾದರಾನೂ ಹಾಸಂಗಿಲ್ಲ. ಇದು ನನ್ನ ಜಬಾನ್" ಎಂದು ಮಾತು ಕೊಟ್ಟಿರಿ. ಮಂದಿಯೆದುರು ಕುಣಿಯಲು ಒಲ್ಲೆನೆಂದಿದ್ದ ಹುಡುಗಿಯನ್ನು, ಆ ಜಬಾನಿಗೆ ನಾನೇ ಜಾಮೀನು ನಿಂತು ಒಪ್ಪಿಸಿದೆ.

ಜೇವರ್ಗಿಯಲ್ಲಿ ನೋಡಿದರೆ ಜಮಖಾನ, ಅದರಡಿ ಬೆರಳು ಮುಳುಗುವಷ್ಟು ಸ್ಪಂಜು. ಗಣ್ಯರು ಬರುವವರಿದ್ದರಂತೆ. ನಮ್ಮ ತಂಡದ ಹುಲೆಪ್ಪ ಕೈಮುಗಿದ: "ಸಾಹೇಬ್ರ, ಇದನ್ನ ತೆಗಸ್ರಿ, ಆಕಿಗಿ ತಾಳ ಹತ್ತಂಗಿಲ್ಲ." ನೀವು ಫೋಟೋದವನತ್ತ ನೋಡುತ್ತಲೇ ಅಂದಿರಿ: "ಆಕಿಗಿ ಹೆಂಗಾದ್ರೂ ಕೇಳಂಗಿಲ್ಲಲ್ಲೋ, ಜಮಖಾನಿ ಇದ್ರೇನು, ಬಿಟ್ರೇನು?"

ನರೋಣಾದಲ್ಲಿ ಒದ್ದೆಯಾದದ್ದು ಹಾಗಾದರೆ ಯಾರ ಕಣ್ಣು, ಸ್ವಾಮಿ?

ಮೂರನೆಯ ಸುತ್ತಿಗೆ ಆಕೆ ತಪ್ಪಿದಳು. ಬೀಸಿದ ಕೋಲು ಹುಲೆಪ್ಪನ ಕೋಲಿಗೆ ತಾಗದೆ ಗಾಳಿಗೆ ಬಿತ್ತು. ಮತ್ತೆ ಬೀಸಿದಳು, ಮತ್ತೆ ಗಾಳಿ. ನಡುವೆಯೇ ನಿಂತುಬಿಟ್ಟಳು. ಸಭೆ 'ಪಾಪ, ಪಾಪ' ಎನ್ನುತ್ತ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಆ ಸದ್ದು ಆಕೆಗೆ ಕೇಳಲಿಲ್ಲ, ಮುಖಗಳು ಕಂಡವು. ಹಾಸಿದವರು ನೀವು, ಹಾಸ್ಯವಾದವಳು ಅವಳು.

ನಿಮ್ಮ ವರದಿಯಲ್ಲಿ ಮೇಳ 'ಯಶಸ್ವಿ', ವೇದಿಕೆ 'ಸಂಪೂರ್ಣ ವಿಶೇಷಚೇತನಸ್ನೇಹಿ'. ಹೌದು, ಗಾಲಿಕುರ್ಚಿ ಏರಲು ಇಳಿಜಾರು ಇತ್ತು, ಕೈಹಿಡಿಯಲು ಕಂಬಿಯಿತ್ತು. ಏರುವ ದಾರಿ ಮಾಡಿದಿರಿ. ಏರಿದವರು ಕುಣಿಯುವುದು ಹೇಗೆಂದು ಕೇಳಿದಿರಾ? ನಿಮ್ಮ ಸ್ನೇಹವೇ ಹೀಗಿದ್ದರೆ, ದ್ವೇಷ ಮಾಡಿದ್ದರೆ ಇನ್ನೇನು ಹಾಸುತ್ತಿದ್ದಿರಿ?

ಈಗ ತಾಲೀಮಿಗೆ ಆಕೆ ಬರುತ್ತಿಲ್ಲ. ಕರೆಯಲು ಹೋದೆ. ತಾಯಿ ಭಾಗಮ್ಮ ಬಾಗಿಲಲ್ಲೇ ತಡೆದಳು: "ಕಾಕಾ, ನಿಮ್ಮ ಚಾಷ್ಟಿ ನಮಗ ಹೊಸಾದೇನಲ್ರಿ. ಆದ್ರ ಈ ಸಲ ಆಕಿ ನಕ್ಕಿಲ್ಲ." ಜನ್ಮದಲ್ಲಿ ನಾನು ಚೇಷ್ಟೆಯಿಲ್ಲದೆ ಕೊಟ್ಟ ಒಂದೇ ಮಾತು ನಿಮ್ಮದಾಗಿತ್ತು. ಅದೇ ಸುಳ್ಳಾಯಿತು.

ತಪ್ಪು ತನ್ನ ಕಾಲಿನದೆಂದೇ ಮಧುಮತಿ ನಂಬಿದ್ದಾಳೆ. ಅಲ್ಲವೆಂದು ನಾನು ಹೇಳಿದರೆ ನಂಬುವುದಿಲ್ಲ. ಆಕೆಗೆ ಓದಲು ಬರುತ್ತದೆ. ಆದ್ದರಿಂದ ನೀವೇ ಬಂದು, ಸ್ವಂತ ಕೈಯಲ್ಲಿ ಒಂದು ಸಾಲು ಬರೆದು ಆಕೆಗೆ ಕೊಡಬೇಕು: "ನನಗೆ ಗೊತ್ತಿತ್ತು. ತಪ್ಪಿದ್ದು ನಿನ್ನ ಹೆಜ್ಜೆಯಲ್ಲ, ನಾನು." ಇದಕ್ಕೆ ಕಡತ ಬೇಡ, ಮೇಲಿನವರ ಅನುಮತಿಯೂ ಬೇಡ. ಬೇಗ ಬನ್ನಿ. ಕುಣಿಯದ ಕಾಲು ಬಲುಬೇಗ ತಾಳ ಮರೆಯುತ್ತದೆ.

ಇಂತಿ,
ಹೆಸರಿಗಷ್ಟೇ ಭಗವಂತ, ನಿಮ್ಮನ್ನು ನಂಬಿ ಕೆಟ್ಟ ಭಕ್ತ,
ಭಗವಂತ ಬಡಿಗೇರ, ನರೋಣಾ