ನನ್ನ ಸಾವಿಗೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ

ಮನೆಯ ಮಹಡಿ ಕೋಣೆಯಿಂದ
೧೨ ಮಾರ್ಚ್, ಬುಧವಾರ

ಚಿರಂಜೀವಿ ಬುಗುರಿಗೆ ಅಜ್ಜಿಯ ಆಶೀರ್ವಾದಗಳು.

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ಕುರ್ಚಿಯಲ್ಲೇ ಕೂತು ನಿದ್ದೆ ಮಾಡಬೇಡ, ಕನ್ನಡಕದ ನಂಬರು ಬದಲಾಗಿದೆಯೋ ಏನೋ ಒಮ್ಮೆ ತೋರಿಸು. ಇದಾದ ಮೇಲೆ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದು, ಏಕೆಂದರೆ ಹೋದ ತಿಂಗಳ ಕೊನೆಯಲ್ಲಿ ನಾನು ತೀರಿಕೊಂಡೆನಂತೆ. ನಿನ್ನ ಅಂಗಡಿಯೇ ಹಾಗೆ ಸಾರಿದೆ, ಕಪ್ಪು ಅಂಚಿನೊಳಗೆ ನನ್ನ ಫೋಟೋ ಕೂರಿಸಿ, ಪಕ್ಕದಲ್ಲೊಂದು ಮೇಣದ ಬತ್ತಿ ಉರಿಸಿ. ಕಾಗದ ಯಾಕೆ ಬರೆದಳು ಮುದುಕಿ, ಫೋನ್ ಮಾಡಬಾರದಿತ್ತೇ ಎನ್ನಬೇಡ. ನಿನ್ನ ಫೋನನ್ನು ಈಗ ನೀನು ಎತ್ತುವುದಿಲ್ಲ, ನಿನ್ನ ಆಫೀಸಿನವರು ಎತ್ತುತ್ತಾರೆ. ನಾನು ಯಾರೆಂದು ಹೇಳಿದ ಕೂಡಲೇ ಅವರು ಇಟ್ಟುಬಿಡುತ್ತಾರೆ. ಸತ್ತವರ ಜೊತೆ ಮಾತಾಡುವುದು ಅವರ ಸಂಬಳದಲ್ಲಿ ಸೇರಿಲ್ಲ.

ನನ್ನ ಸಾವಿನ ಸುದ್ದಿ ನನಗೆ ಮುಟ್ಟಿದ ಬಗೆ ಕೇಳು. ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಎದುರು ಮನೆಯ ನಿವೃತ್ತ ಮೇಷ್ಟರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈತುಂಬ ಹೂವು, ಅಳುವುದಕ್ಕೆ ಸಿದ್ಧಮಾಡಿಕೊಂಡು ಬಂದ ಮುಖ. ಬಾಗಿಲು ತೆಗೆದವಳು ನಾನೇ. ಪಾಪ ಮೇಷ್ಟರು ಹೂವನ್ನು ಕೊಡುವುದೋ ಹಿಂದಕ್ಕೆ ಒಯ್ಯುವುದೋ ತಿಳಿಯದೆ ಒದ್ದಾಡಿ ಕೊನೆಗೆ ನನ್ನ ಕೈಗೇ ಕೊಟ್ಟರು. ಹೂವು ಚೆನ್ನಾಗಿದ್ದವು, ಹಾಳು ಮಾಡಬಾರದೆಂದು ನಾನೇ ನೀರಿಗೆ ಹಾಕಿಟ್ಟೆ. ಆಮೇಲೆ ಅವರು ಮೆಲ್ಲಗೆ ಫೋನ್ ತೆಗೆದು ತೋರಿಸಿದರು. ‘ಅಜ್ಜಿ ಇನ್ನಿಲ್ಲ. ಅವರ ಕೈ ಹೆಣೆದ ಕೊನೆಯ ಸ್ವೆಟರುಗಳು ಇವಷ್ಟೇ. ಮುಗಿದರೆ ಮತ್ತೆಂದೂ ಸಿಗುವುದಿಲ್ಲ’ ಎಂದಿತ್ತು. ಅದರ ಕೆಳಗೆ ಹಿಂದಕ್ಕೆ ಓಡುವ ಗಡಿಯಾರ. ಅದರ ಕೆಳಗೆ ಅತ್ತವರ ಸಾಲು. ಒಬ್ಬಳು ‘ನನ್ನ ಸ್ವಂತ ಅಜ್ಜಿಯೇ ಹೋದ ಹಾಗಾಯಿತು’ ಎಂದು ಬರೆದು, ಮುಂದಿನ ಸಾಲಿನಲ್ಲೇ ಒಂದು ವರ್ಷದ ಮಗುವಿನ ಅಳತೆ ಉಳಿದಿದೆಯೇ ಎಂದು ವಿಚಾರಿಸಿದ್ದಳು.

ನಿನ್ನಮ್ಮನ ಫೋನ್ ಕಿತ್ತುಕೊಂಡು ನಿನ್ನ ಅಂಗಡಿಗೆ ನಾನೇ ಬರೆದೆ: ‘ನಾನು ಬದುಕಿದ್ದೇನೆ. ಮೊದಲು ಇದನ್ನು ತೆಗೆಯಿರಿ. ಅಜ್ಜಿ.’ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ನಮ್ಮ ದುಃಖದಲ್ಲಿ ಭಾಗಿಯಾದದ್ದಕ್ಕೆ ಧನ್ಯವಾದಗಳು, ಅಜ್ಜಿಯ ನೆನಪಿಗಾಗಿ ನಿಮಗೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ ಕೊಟ್ಟಿದ್ದೇವೆ, ನಾಳೆಯೊಳಗೆ ಬಳಸಿಕೊಳ್ಳಿ. ನನ್ನ ಸಾವಿಗೆ ನನಗೇ ರಿಯಾಯಿತಿ, ಅದಕ್ಕೂ ಒಂದು ಗಡುವು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಆನೆಗಾದರೂ ಎರಡೂ ಕಡೆ ಒಂದೇ ಬೆಲೆ. ನನಗೆ ಸತ್ತ ಮೇಲೆಯೇ ಗಿರಾಕಿ ಹೆಚ್ಚು.

ನೀನು ಊರೂರು ಸುತ್ತಿ ಹೇಳುವ ಪಾಠಗಳನ್ನೂ ಕೂತು ಕೇಳಿದೆ. ಮೇಷ್ಟರೇ ಹಾಕಿ ತೋರಿಸಿದರು. ದೊಡ್ಡ ಹೋಟೆಲಿನ ಹಾಲು, ಕರಿ ಕೋಟು, ಕೆನ್ನೆಗೆ ಅಂಟಿಸಿದ ಸಣ್ಣ ಮೈಕು, ಮನೆಯ ಮೂಲೆಯಲ್ಲಿ ಹುಟ್ಟಿದ ಆನ್‌ಲೈನ್ ಅಂಗಡಿಯನ್ನು ಬೆಳೆಸುವುದು ಹೇಗೆಂದು ಕಲಿಸುತ್ತಿದ್ದೀಯ. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದೆ ತಿರುಗುತ್ತಿದ್ದೆ ಎಂದೇ ನಿನಗೆ ಬುಗುರಿ ಎಂದು ಹೆಸರಿಟ್ಟದ್ದು. ವೇದಿಕೆಯ ಮೇಲೂ ಹಾಗೇ ತಿರುಗುತ್ತೀಯ. ಜನ ವಸ್ತು ಕೊಳ್ಳುವುದಿಲ್ಲ, ಕಥೆ ಕೊಳ್ಳುತ್ತಾರೆ ಎಂದೆ. ಚಪ್ಪಾಳೆ ಬಿತ್ತು. ಕಥೆ ಯಾರದ್ದಪ್ಪ? ಕೆಲಸ ಹೋಗಿ ನೀನು ಈ ಮನೆಯ ಸೋಫಾದ ಮೇಲೆ ಬಿದ್ದುಕೊಂಡು ಗೋಡೆ ನೋಡುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಟೊಪ್ಪಿ ಹೆಣೆಯುತ್ತಿದ್ದೆ. ಬೇಜಾರಿಗೆ ನೀನು ನನ್ನ ಕೈಯ ಫೋಟೋ ತೆಗೆದು ಆನ್‌ಲೈನ್ ಹಾಕಿದೆ. ಯಾರೋ ಟೊಪ್ಪಿ ಕೇಳಿದರು, ಇನ್ಯಾರೋ ಸ್ವೆಟರ್ ಕೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮ ಹಿರಿಯರು ನಗುತ್ತಿದ್ದರು. ನಿನ್ನ ಗಿರಾಕಿಗಳು ಡಾಕ್ಟರು ಹೌದೆಂದ ದಿನವೇ ಕುಲಾವಿ ತರಿಸಿಕೊಂಡರು. ನನ್ನ ಎರಡು ಕೈಗೆ ಎಟುಕದಷ್ಟಾದಾಗ ಕಾರ್ಖಾನೆಯಿಂದ ಮೂಟೆ ಮೂಟೆ ಸ್ವೆಟರ್ ಬಂದು ನಮ್ಮ ಕೆಳಗಿನ ದೊಡ್ಡ ಕೋಣೆಯಲ್ಲಿ ಇಳಿದವು. ಒಂದೊಂದಕ್ಕೂ ನನ್ನ ಮುಖದ ಚೀಟಿ: ‘ನಿನಗೆಂದೇ ಹೆಣೆದೆ ಕಂದಾ.’ ಇದು ಸುಳ್ಳಲ್ಲವೇನೋ ಎಂದು ಅಂದೇ ಕೇಳಿದ್ದೆ. ಸುಳ್ಳಲ್ಲ, ಭಾವನೆ ಎಂದಿದ್ದೆ ನೀನು. ತರಕಾರಿ ಮಾರುವವಳೂ ನಿನ್ನೆಯ ಬದನೆಕಾಯಿಯನ್ನು ಇವತ್ತಿನದು ಎನ್ನುತ್ತಾಳೆ, ಒಪ್ಪಿದೆ. ಆದರೆ ಬುಟ್ಟಿ ಖಾಲಿಯಾಗಲೆಂದು ಅವಳು ಮನೆಯಲ್ಲಿರುವ ಅಜ್ಜಿಯನ್ನು ಸಾಯಿಸುವುದಿಲ್ಲ.

ಇನ್ನೊಂದು ಪಾಠ, ಅವಸರ ಹುಟ್ಟಿಸಬೇಕು ಎನ್ನುವುದು. ಗಿರಾಕಿಗೆ ಯೋಚಿಸಲು ಪುರಸೊತ್ತು ಕೊಟ್ಟರೆ ಕೈತಪ್ಪಿ ಹೋದ ಎಂದು ಲೆಕ್ಚರ್ ಕೊಟ್ಟೆ. ನಿನ್ನನ್ನು ಹೆರುವಾಗ ನಿನ್ನಮ್ಮ ಕೂಡ ಇಷ್ಟು ಅವಸರ ಪಟ್ಟವಳಲ್ಲ. ಬಿಸಿಲು ಏರುತ್ತಿದೆ, ಕೋಣೆಯ ತುಂಬ ಉಲ್ಲನ್ ಉಳಿದಿದೆ, ನೀನು ಬೇರೆ ಏನೋ ಮಾರಲು ಹೊರಟಿದ್ದೀಯ. ನಿನ್ನ ಅವಸರಕ್ಕೆ ನಾನು ಸಾಯಬೇಕಾಯಿತು. ನಾಚಿಕೆ ಎನ್ನುವುದು ನಿನ್ನ ಪಾಠಗಳಲ್ಲಿ ಎಷ್ಟನೆಯದೋ? ಕೊನೆಯವರೆಗೂ ಕಾದೆ, ಬರಲಿಲ್ಲ.

ನಿನ್ನಮ್ಮನನ್ನು ಹಿಡಿದು ಕೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಡಬ್ಬಕ್ಕೆ ಟೇಪು ಸುತ್ತುತ್ತಾ, ತಲೆ ಎತ್ತದೆ, ನೀನು ಫೋನಿನಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸಿದಳು. ಸತ್ತದ್ದು ಬ್ರ್ಯಾಂಡಿನ ಅಜ್ಜಿಯಂತೆ, ಮನೆಯ ಅಜ್ಜಿ ಅಲ್ಲವಂತೆ. ಹಾಗಾದರೆ ಫೋಟೋ ಯಾಕೆ ಮನೆಯ ಅಜ್ಜಿಯದು ಎಂದು ಕೇಳಿದೆ. ಅದಕ್ಕೆ ನೀನು ಉತ್ತರ ಹೇಳಿಕೊಟ್ಟಿರಲಿಲ್ಲ. ಆಮೇಲೆ ಟೇಪು ಕೆಳಗಿಟ್ಟು ಅಂದಳು: “ಅಮ್ಮಾ, ಒಂದು ತಿಂಗಳು ತಡ್ಕೋ. ಸ್ಟಾಕ್ ಮುಗಿಯೋವರೆಗೂ ಆಚೆ ಬರಬೇಡ, ಫೋನ್ ಎತ್ತಬೇಡ. ನೀನಿದ್ದೀಯ ಅಂತ ಗೊತ್ತಾದ್ರೆ ಹೋದ ಮಾಲೆಲ್ಲ ವಾಪಸ್ ಬರುತ್ತೆ. ಇಲ್ಲಿ ಪ್ಯಾಕ್ ಮಾಡೋ ಹೆಂಗಸರೆಲ್ಲ ಹೊಟ್ಟೆಪಾಡಿಗೆ ಈ ಕೆಲಸಾನೇ ನಂಬಿದ್ದಾರೆ.” ನಾನೇ ಹೆತ್ತ ಮಗಳು, ಒಂದು ತಿಂಗಳ ಮಟ್ಟಿಗೆ ಸತ್ತಿರು ಎಂದು ನನ್ನನ್ನು ಬೇಡಿಕೊಂಡಳು. ಅವಳ ಮೇಲೂ ನನಗೆ ಸಿಟ್ಟಿದೆ. ಆದರೆ ಅವಳು ಒಂದೇ ಸೂರಿನಡಿ ಇದ್ದಾಳೆ, ಅವಳನ್ನು ಬೈಯಲು ಕಾಗದ ದಂಡ ಮಾಡಬೇಕಾಗಿಲ್ಲ. ಆ ಹೆಂಗಸರ ಮುಖ ನೋಡಿ ನಾಲ್ಕಾರು ದಿನ ಬಾಯಿ ಮುಚ್ಚಿಕೊಂಡು ಮಹಡಿಯಲ್ಲಿ ಕೂತೆ. ಕಿಟಕಿಯ ಪರದೆ ಕೂಡ ಸರಿಸಲಿಲ್ಲ. ನನ್ನ ಫೋನು ಅವಳ ಬೀರುವಿನೊಳಗೆ ಸೇರಿತು.

ಭಾನುವಾರ ಬಂತು. ಪ್ರತಿ ಭಾನುವಾರ ನಾನು ಅಕ್ಕನಿಗೆ ಫೋನ್ ಮಾಡುವುದು ನಿನಗೆ ಗೊತ್ತು. ನಿನ್ನ ದೊಡ್ಡಜ್ಜಿಗೆ ಮರೆವು ಹತ್ತಿ ಎರಡು ವರ್ಷವಾಗುತ್ತ ಬಂತು. ಮಗನ ಹೆಸರು ಮರೆತಳು, ತಿಂದದ್ದು ಮರೆತಳು, ಬಚ್ಚಲಿಗೆ ಹೋಗುವ ದಾರಿ ಮರೆತಳು. ನನ್ನ ದನಿಯೊಂದನ್ನು ಮರೆತಿರಲಿಲ್ಲ. ನಾನು ‘ಏನೇ’ ಎಂದರೆ ಸಾಕು, ‘ಯಾಕೇ ಇಷ್ಟು ತಡ’ ಎಂದು ಗದರುತ್ತಿದ್ದಳು. ಆ ಗದರಿಕೆ ಕೇಳಲಿಕ್ಕೆಂದೇ ನಾನು ವಾರವೆಲ್ಲ ಕಾಯುತ್ತಿದ್ದೆ. ಬೀರು ತೆಗೆದು ಫೋನ್ ಹುಡುಕಿ ಮಾಡಿದೆ. ಎತ್ತಿದವಳು ಅಕ್ಕನ ಸೊಸೆ. ನನ್ನ ದನಿ ಕೇಳಿ ಕಿರುಚಿ ಫೋನ್ ಕೆಳಗೆ ಹಾಕಿದಳು. ಮತ್ತೆ ಮಾಡಿ, ಬೈದು, ನಾನು ನಾನೇ ಎಂದು ಒಪ್ಪಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಿನ್ನ ಜಾಹೀರಾತು ಅವಳ ಫೋನಿಗೂ ಬಂದಿತ್ತು. ನಿಜವೇ ಎಂದು ಕೇಳಲು ನಿನ್ನಮ್ಮನಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದಳಂತೆ. ನಿನ್ನ ಅಪ್ಪಣೆಯಂತೆ ನಿನ್ನಮ್ಮ ಎತ್ತಲಿಲ್ಲ. ಎತ್ತದೇ ಇದ್ದದ್ದೇ ನಿಜವೆನ್ನುವುದಕ್ಕೆ ಸಾಕ್ಷಿಯಾಯಿತು. ಅವಳು ಅತ್ತಳು, ಅಕ್ಕ ಯಾಕೆಂದು ಕೇಳಿದಳು, ಇವಳು ಹೇಳಿಬಿಟ್ಟಳು.

ಮೊದಲ ಬಸ್ಸಿಗೇ ಹೊರಟೆ. ಯಾರಾದರೂ ನೋಡಿದರೆ ಎಂದು ನಿನ್ನಮ್ಮ ಬಾಗಿಲಲ್ಲಿ ಅಡ್ಡ ನಿಂತಳು. ನೋಡಲಿ ಎಂದು ತಳ್ಳಿಕೊಂಡು ಬಂದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತಲೆ ಬಾಚಿಸಿಕೊಂಡಿರಲಿಲ್ಲ, ಒಂದೇ ವಾರದಲ್ಲಿ ಅರ್ಧವಾಗಿದ್ದಳು. ಎದುರಿಗೆ ಕೂತು ‘ಏನೇ’ ಎಂದೆ. ನನ್ನನ್ನು ಬಹಳ ಮರ್ಯಾದೆಯಿಂದ ನೋಡಿ ಅವಳು ಕೇಳಿದಳು: “ಯಾರಮ್ಮ ನೀವು? ನನ್ನ ತಂಗಿ ಹೋಗ್ಬಿಟ್ಳು, ನಿಮಗೆ ಗೊತ್ತಾಯ್ತಾ?”

ನಾನೇ ಕಣೇ ನಿನ್ನ ತಂಗಿ ಎಂದೆ. ಒಂದೇ ಹಾಸಿಗೆಯಲ್ಲಿ ಮಲಗಿದ್ದು, ಒಂದೇ ರಿಬ್ಬನ್ನಿಗೆ ಕಿತ್ತಾಡಿದ್ದು, ಅವಳ ಮದುವೆಯ ದಿನ ನಾನು ಮುನಿಸಿಕೊಂಡು ಅಟ್ಟ ಹತ್ತಿದ್ದು ಎಲ್ಲ ಹೇಳಿದೆ. ಹೌದು, ಅವಳು ಹಾಗೇ ಮಾಡುತ್ತಿದ್ದಳು ಎಂದು ತಲೆದೂಗಿದಳು. ನನಗೆ ಅಳು ಬಂತು. ಅವಳು ನನ್ನ ಕೈ ತಟ್ಟಿ ಸಮಾಧಾನ ಮಾಡಿದಳು, ನಿಮಗೂ ಅವಳು ತುಂಬ ಬೇಕಾದವಳೇ ಎಂದು ಕೇಳಿದಳು. ನಾನು ಬದುಕಿದ್ದೇನೆಂದು ಸೊಸೆ ಅಂದಿನಿಂದ ದಿನವೂ ತಿಳಿಸಿ ಹೇಳುತ್ತಾಳಂತೆ. ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಮರೆತುಹೋಗುತ್ತದೆ, ಸಾವು ಮಾತ್ರ ಉಳಿದುಕೊಂಡಿದೆ. ಎದೆಗೆ ನಾಟಿದ್ದು ಹಾಗೆ ನಿಂತುಬಿಡುತ್ತದೆ ಎಂದು ಅವರ ಡಾಕ್ಟರು ಹೇಳಿದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯವರೆಗೆ ಅಕ್ಕ ನನ್ನೆದುರು ನನ್ನನ್ನು ಹೊಗಳಿದಳು. ಎಷ್ಟು ಜಾಣೆ, ಎಷ್ಟು ಹಟಮಾರಿ, ಅವಳಷ್ಟು ನನ್ನನ್ನು ಯಾರೂ ನಗಿಸಲಿಲ್ಲ ಎಂದಳು. ಬದುಕಿದ್ದಾಗ ಒಂದು ದಿನ ನನ್ನನ್ನು ಹೊಗಳಿದವಳಲ್ಲ ಅವಳು. ಸತ್ತ ನನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಕಣೋ ಬುಗುರಿ. ನಿನ್ನ ಗಿರಾಕಿಗಳಿಗೆಲ್ಲ ನಾಳೆ ಬೆಳಗ್ಗೆ ನಾನಿದ್ದೇನೆ ಎಂದು ಸಾರಬಹುದು. ಯಾರಿಗೆ ನಾನಿರಬೇಕಾಗಿತ್ತೋ ಅವಳಿಗೆ ಇನ್ನು ಸಾರಲು ಆಗುವುದಿಲ್ಲ. ಇದನ್ನು ನಾನು ಕ್ಷಮಿಸುವುದಿಲ್ಲ. ವಯಸ್ಸಾದವರು ಕೊನೆಗೆ ಕ್ಷಮಿಸಿಯೇ ತೀರುತ್ತಾರೆ ಎಂದು ನೀನು ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪು.

ವಾಪಸು ಬಂದವಳೇ ಕೆಳಗಿನ ಕೋಣೆಗೆ ಬೀಗ ಹಾಕಿದೆ. ಮನೆ ನನ್ನದು, ಬೀಗವೂ ನನ್ನದು. ಹೆಂಗಸರನ್ನು ಕೂರಿಸಿ ಎಲ್ಲ ಹೇಳಿದೆ. ಚೀಟಿ ಅಂಟಿಸುವ ಕೆಲಸದವಳು, ತಾನು ‘ಅಜ್ಜಿಯ ನೆನಪಿಗೆ’ ಎಂಬ ಚೀಟಿ ಅಂಟಿಸುವಾಗಲೆಲ್ಲ ಮೇಲಿಂದ ನಾನು ಕೆಮ್ಮುವುದು ಕೇಳಿಸುತ್ತಿತ್ತು ಎಂದಳು. ಇಬ್ಬರು ನನ್ನ ಮೇಲೆ ಸಿಟ್ಟಾಗಿ ಎದ್ದು ಹೋದರು. ಅವರ ಸಿಟ್ಟು ನ್ಯಾಯವಾದದ್ದೇ, ಅದಕ್ಕೂ ನೀನೇ ಬಂದು ಜವಾಬು ಹೇಳು. ಆ ಕಪ್ಪು ಅಂಚು ತೆಗೆ. ನಾನು ಸತ್ತೆ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದ್ದೆಯೋ ಅಷ್ಟೇ ದೊಡ್ಡದಾಗಿ, ಅದು ಸುಳ್ಳು, ಸ್ವೆಟರ್ ಕಾರ್ಖಾನೆಯದು ಎಂದು ಹಾಕು. ಆಮೇಲೂ ಬೇಕೆಂದವರಿಗೆ ಮಾರು. ಹೆಂಗಸರು ಮತ್ತೆ ಬರಲಿ, ಬೀಗ ನಾನೇ ತೆಗೆಯುತ್ತೇನೆ. ಆದರೆ ನನ್ನ ಮುಖ ಯಾವ ಚೀಟಿಯ ಮೇಲೂ ಇರಕೂಡದು.

ಕೈ ನೋಯುತ್ತಿದೆ, ಇಲ್ಲಿಗೆ ಸಾಕು. ನೂರು ವರ್ಷ ಬಾಳು ಎಂದು ಹರಸುತ್ತೇನೆ, ನಡುವೆ ಯಾರೂ ನಿನ್ನನ್ನು ತಮ್ಮ ಅನುಕೂಲಕ್ಕೆ ಒಂದು ತಿಂಗಳು ಸಾಯಿಸದಿರಲಿ. ನನ್ನ ಫೋನ್ ಇಟ್ಟುಬಿಡುವ ನಿನ್ನ ಆಫೀಸಿನ ಮಕ್ಕಳಿಗೂ ಕೇಳಿದೆನೆಂದು ಹೇಳು.

ಇಂತಿ,
ಇನ್ನೂ ಇರುವ
ನಿನ್ನ ಅಜ್ಜಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕನ ಸೊಸೆಯ ಫೋನ್ ಬಂತು. ನಿನ್ನೆಯಿಂದ ಅಕ್ಕ ಒಂದೇ ಮಾತು ಹಿಡಿದಿದ್ದಾಳಂತೆ. ತಂಗಿ ಹೇಗೆ ಹೋದಳು, ಕೊನೆಯಲ್ಲಿ ನೋವಾಯಿತೇ, ಪಕ್ಕದಲ್ಲಿ ಯಾರಿದ್ದರು ಎಂದು ಬಂದವರನ್ನೆಲ್ಲ ಕೇಳುತ್ತಾಳೆ. ಅದನ್ನು ಹೇಳುವವರೆಗೆ ತುತ್ತು ಮುಟ್ಟುವುದಿಲ್ಲವಂತೆ. ನಮಗ್ಯಾರಿಗೂ ಉತ್ತರ ಗೊತ್ತಿಲ್ಲ. ಆ ಸಾವನ್ನು ಮಾಡಿದವನು ನೀನು, ನೀನೇ ಬಂದು ಹೇಳು. ಆಫೀಸಿನವರನ್ನು ಕಳಿಸಬೇಡ. ಅವಳ ಕೈ ಹಿಡಿದುಕೊಂಡು, ನಾನು ಹೇಗೆ ಸತ್ತೆ ಎಂದು ನಿಧಾನವಾಗಿ ಹೇಳು. ನೋವಾಗಲಿಲ್ಲ ಎನ್ನು, ಪಕ್ಕದಲ್ಲಿ ನೀನಿದ್ದೆ ಎನ್ನು. ತಟ್ಟೆ ಹಿಡಿದುಕೊಂಡು ನಾನು ಅಲ್ಲೇ ಕೂತಿರುತ್ತೇನೆ.